ಹೊಲಿಗೆ ಯಂತ್ರವೋ, ಕಾರ್ಯಕರ್ತೆಯ ಸಂಬಳವೋ?

ಪತ್ರ: ಬ್ಯಾಂಕಿನಿಂದ ನಿವೃತ್ತರಾದ ನಾವು ಕೆಲವು ಗೆಳತಿಯರು ಸೇರಿ ವರ್ಷಕ್ಕೆ 2 ಲಕ್ಷ ರೂಪಾಯಿಯನ್ನು ಹೆಣ್ಣುಮಕ್ಕಳ ಕೆಲಸಕ್ಕೆ ಕೊಡಬೇಕೆಂದಿದ್ದೇವೆ. ಬಾಲ್ಯವಿವಾಹ ತಡೆಯುವ ಒಂದು ಸಣ್ಣ ಸಂಸ್ಥೆ ಲೆಕ್ಕ ಕಳಿಸಿದೆ. ಅದರಲ್ಲಿ ಮುಕ್ಕಾಲು ಪಾಲು ಸಂಬಳ, ಬಸ್ ಚಾರ್ಜು, ಸಭೆ ಖರ್ಚು! ಅದರ ಬದಲು ಹೊಲಿಗೆ ಯಂತ್ರ ಕೊಡಿಸಿದರೆ ಕಣ್ಣಿಗಾದರೂ ಕಾಣುತ್ತದಲ್ಲವೇ? – ಓದುಗರು, ಧಾರವಾಡ

ಉತ್ತರ: ಕಣ್ಣಿಗೆ ಕಾಣುತ್ತದೆ ಮೇಡಂ. ಹಂಚುವ ದಿನದ ಫೋಟೋದಲ್ಲಂತೂ ಇನ್ನೂ ಚೆನ್ನಾಗಿ ಕಾಣುತ್ತದೆ. ಯಂತ್ರ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಹೊಲಿಯಲು ಬರುವವರಿಗೆ, ಊರಲ್ಲೇ ಗಿರಾಕಿ ಸಿಗುವವರಿಗೆ ಅದು ಅನ್ನ ಕೊಡುತ್ತದೆ. ಆದರೆ ಹದಿನಾರಕ್ಕೇ ಮದುವೆ ಗೊತ್ತಾದ ಹುಡುಗಿಗೆ ಯಂತ್ರ ಏನು ಮಾಡೀತು? ಅವಳ ಅಪ್ಪನ ಎದುರು ಕೂತು ಮಾತಾಡುವ ಒಬ್ಬಾಕೆ ಬೇಕು. ಅಪ್ಪ ಕೂಲಿ ಮುಗಿಸಿ ಬರುವುದು ಸಂಜೆ, ಹಾಗಾಗಿ ಆಕೆ ಸಂಜೆಯೇ ಹೋಗಬೇಕು. ಒಂದೇ ಸಲಕ್ಕೆ ಅವನು ಒಪ್ಪುವುದಿಲ್ಲ. ಮತ್ತೆ ಹೋಗಬೇಕು, ಅಜ್ಜಿಯನ್ನೂ ಒಲಿಸಬೇಕು. ಕೊನೇ ಬಸ್ ತಪ್ಪಿದರೆ ಆಟೋ. ನೀವು ಲೆಕ್ಕದಲ್ಲಿ ನೋಡಿ ಹುಬ್ಬೇರಿಸಿದ್ದು ಇದನ್ನೇ.

ನೀವು ಬ್ಯಾಂಕಿನವರು, ಸ್ವಸಹಾಯ ಸಂಘಗಳ ಖಾತೆ ಎಷ್ಟೋ ತೆಗೆದಿರುತ್ತೀರಿ. ಅದರ ಹಿಂದೆ ಒಂದು ಅನುದಾನದ ಕಥೆ ಇದೆ. ಎಂಬತ್ತರ ದಶಕದ ನಡುವೆ ನಮ್ಮ ರಾಜ್ಯದಲ್ಲಿ ಮೈರಾಡ ಎಂಬ ಗ್ರಾಮಾಭಿವೃದ್ಧಿಯ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಜನ ತಮಗೆ ನಂಬಿಕೆ ಇದ್ದವರ ಜೊತೆ ಸಣ್ಣ ಗುಂಪು ಮಾಡಿಕೊಂಡು ಉಳಿತಾಯ ಶುರು ಮಾಡಿದರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಅದು ಹೋದದ್ದು ತರಬೇತಿಗೆ, ಮತ್ತು ಗುಂಪು ಉಳಿಸಿದ್ದಕ್ಕೆ ಸರಿಸಮ ಹಣ ಸೇರಿಸುವುದಕ್ಕೆ. ಉದ್ಘಾಟನೆಯ ಟೇಪು ಕತ್ತರಿಸಲು ಅಲ್ಲಿ ಏನೂ ಇರಲಿಲ್ಲ! 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭವಾಯಿತು. ನೋಂದಣಿ ಇಲ್ಲದ, ಅಡವಿಡಲು ಏನೂ ಇಲ್ಲದ ಗುಂಪಿಗೂ ಸಾಲ. ಮೊದಮೊದಲು ಗಂಡಸರ ಗುಂಪುಗಳೂ ಇದ್ದವು, ಬರಬರುತ್ತಾ ಇದು ಬಹುಪಾಲು ಹೆಂಗಸರದ್ದೇ ಆಯಿತು. ಆಮೇಲಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹಳ್ಳಿ ಹೆಂಗಸರನ್ನು ಸಂಘಟಿಸಲು ನಡೆದ ಮಹಿಳಾ ಸಮಖ್ಯಾದ ಕಥೆ ಇನ್ನೂ ವಿಚಿತ್ರ. ಡಚ್ ಸರ್ಕಾರದ ನೆರವಿನಲ್ಲಿ ನಡೆದ ಭಾರತ ಸರ್ಕಾರದ ಕಾರ್ಯಕ್ರಮ ಅದು. 1989ರಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಆರಂಭವಾಯಿತು. ಸುಮಾರು ಹತ್ತು ಹಳ್ಳಿಗೆ ಒಬ್ಬ ಸಹಯೋಗಿನಿ, ಅಂದರೆ ಸಂಬಳದ ಕಾರ್ಯಕರ್ತೆ. ಆಕೆಯ ಕೈಯಲ್ಲಿ ಹಂಚಲು ಸಾಲ ಇಲ್ಲ, ಎಮ್ಮೆ ಇಲ್ಲ. ಇಷ್ಟು ಜನಕ್ಕೆ ಇಷ್ಟು ಅಂತ ಗುರಿಯೂ ಇಲ್ಲ. ಸುಮ್ನೆ ಕೂತು ಮಾತಾಡುವುದು, ಹೆಂಗಸರು ತಾವಾಗಿ ಏನು ಕೇಳುತ್ತಾರೋ ಅಲ್ಲಿಂದ ಶುರು ಮಾಡುವುದು. ಗುರಿ ಕೊಡದೆ ಸಂಬಳ ಕೊಡುವ ಧೈರ್ಯ ಇವತ್ತು ಎಷ್ಟು ದಾನಿಗಳಿಗಿದೆ?

ಈಗಿನ ಕಟ್ಟಳೆಗಳೂ ಇಂಥ ಕೆಲಸಕ್ಕೆ ಅಡ್ಡಿ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ತಿದ್ದುಪಡಿಯಾಯಿತು. ವಿದೇಶಿ ಹಣದಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವುದೂ ನಿಂತಿತು. ತಾಲ್ಲೂಕು ಮಟ್ಟದ ಗುಂಪುಗಳಿಗೆ ಪೆಟ್ಟು ಬಿದ್ದದ್ದು ಅಲ್ಲೇ. ನಿಮ್ಮ ಎರಡು ಲಕ್ಷ ಇಲ್ಲಿನ ಹಣ, ಆ ಕಾಯ್ದೆ ಅದಕ್ಕೆ ತಾಗುವುದಿಲ್ಲ. ಬೇರೆಯವರು ಕೊಡಲು ಹಿಂಜರಿಯುವ ಸಂಬಳವನ್ನು ನೀವು ಕೊಡಬಹುದು.

ಹಾಗಂತ ಕಣ್ಣು ಮುಚ್ಚಿ ಕೊಡಬೇಡಿ. ಸಂಬಳದ ಹೆಸರಲ್ಲಿ ಕಚೇರಿಯಲ್ಲೇ ಕೂತು ಉಣ್ಣುವವರೂ ಜಾಸ್ತಿ ಇದ್ದಾರೆ. ವರದಿ ಓದುವುದಕ್ಕಿಂತ ಒಂದು ಹಳ್ಳಿಯ ಸಭೆಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಕಾರ್ಯಕರ್ತೆ ಎಲ್ಲರ ಹೆಸರು ಹಿಡಿದು ಕರೆಯುತ್ತಾಳಾ? ನಡಾವಳಿ ಪುಸ್ತಕದಲ್ಲಿ ಜಗಳವೂ ಬರೆದಿದೆಯಾ? ಪ್ರತಿ ಪುಟದಲ್ಲೂ ‘ಸರ್ವಾನುಮತದಿಂದ’ ಅಂತಿದ್ದರೆ ನನಗಂತೂ ಅನುಮಾನ.

ಒಪ್ಪಿಗೆಯಾದರೆ ಒಂದು ವರ್ಷಕ್ಕೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಮೂರು ವರ್ಷಕ್ಕೆ ಮಾತು ಕೊಡಿ. ಮುಂದಿನ ವರ್ಷ ಸಂಬಳ ಬರುತ್ತೋ ಇಲ್ಲವೋ ಅಂದುಕೊಂಡೇ ಇರುವ ಹುಡುಗಿ ಬೇರೆ ಕೆಲಸ ಹುಡುಕುತ್ತಾಳೆ, ಅದು ತಪ್ಪೂ ಅಲ್ಲ. ಮತ್ತೆ, ಆದಾಯ ತೆರಿಗೆ ರಿಯಾಯಿತಿಗೆ ಬೇಕಾಗುವ ದೇಣಿಗೆ ರಸೀದಿ ಕೇಳಿ ಪಡೆಯಿರಿ.

– ಸಂಪಾದಕ