ಕೇಳಿ, ಹೇಳ್ತೀನಿ: ಗೋದಲಿ, ಸಾಂಟಾ ಮತ್ತು ಒಂದು ಏಣಿ

ಡಿಸೆಂಬರ್ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬೇರೆ. ಉಳಿದ ತಿಂಗಳುಗಳಲ್ಲಿ ಜಗಳ ದುಡ್ಡಿನ ಸುತ್ತ, ಮಕ್ಕಳ ಓದಿನ ಸುತ್ತ. ಈ ತಿಂಗಳು ಅದೇ ಜಗಳ ಬಂದು ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಟ್ಟು ಮನೆಯಲ್ಲಿ ಕಟ್ಟುತ್ತೇವಲ್ಲ, ಅದು) ಪಕ್ಕ ಕೂರುತ್ತದೆ. ಈ ಸಲ ಐದು ಪತ್ರ ಆರಿಸಿಕೊಂಡಿದ್ದೇನೆ. ಕೊನೆಯದನ್ನು ಬರೆದವರಿಗೆ ಒಂಬತ್ತು ವರ್ಷ.

ಪ್ರಶ್ನೆ: ಅಕ್ಕಾ, ಮದುವೆಯಾದ ಮೇಲೆ ಇದು ಎರಡನೇ ಕ್ರಿಸ್‌ಮಸ್. ತವರಿನಲ್ಲಿ ಆಗಮನ ಕಾಲದ ಮೊದಲ ಭಾನುವಾರವೇ ಗೋದಲಿ ಕಟ್ಟುತ್ತಿದ್ದೆವು. ಇಲ್ಲಿ ಅತ್ತೆ 24ರ ಸಂಜೆಯವರೆಗೆ ಗೊಂಬೆಗಳ ಪೆಟ್ಟಿಗೆ ಮುಟ್ಟಲೂ ಬಿಡುವುದಿಲ್ಲ. ಹೋದ ವರ್ಷ ಸುಮ್ನಿದ್ದೆ. ಯಾರದು ಸರಿ? *(ಹೊಸ ಸೊಸೆ)*

ಉತ್ತರ: ಇಬ್ಬರದೂ ಸರಿ ಕಣಮ್ಮಾ. ಇದನ್ನು ಕೇಳಿ ನಿಮಗೆ ಸಿಟ್ಟು ಬರುತ್ತದೆ ಅಂತಲೂ ಗೊತ್ತು.

ಅತ್ತೆಯ ಕಡೆ ಒಂದು ಮಾತು ಹೇಳಿಬಿಡುತ್ತೇನೆ. ಆಗಮನ ಕಾಲ ಹಬ್ಬವಲ್ಲ, ಹಬ್ಬಕ್ಕೆ ಕಾಯುವ ಕಾಲ. ಅದಕ್ಕೇ ಕ್ರಿಸ್‌ಮಸ್‌ಗೆ ಮುಂಚಿನ ಆ ನಾಲ್ಕು ಭಾನುವಾರ ಚರ್ಚಿನ ಪೂಜೆಯಲ್ಲಿ ಫಾದರ್ ನೇರಳೆ ಬಟ್ಟೆ ಹಾಕುತ್ತಾರೆ, ಮೂರನೆಯದಕ್ಕೆ ಬೇಕಾದರೆ ಗುಲಾಬಿ. ಕಾಯದೆ ಬಂದ ಹಬ್ಬ ಸಪ್ಪೆ ಅನ್ನುವವರು ಹಳೆಯ ತಲೆಮಾರಿನಲ್ಲಿ ತುಂಬಾ ಜನ ಇದ್ದಾರೆ. ನಿಮ್ಮ ತವರಿನವರ ಲೆಕ್ಕ ಇನ್ನೊಂದು. ಕಾಯುವುದನ್ನು ಕಣ್ಣಿಗೆ ಕಾಣುವ ಹಾಗೆ ಇಟ್ಟರೆ ಮಕ್ಕಳಿಗೆ ಅರ್ಥವಾಗುತ್ತದೆ ಅಂತ.

ಗೋದಲಿಯನ್ನು ಒಂದೇ ಸಲ ಪೂರ್ತಿ ಕಟ್ಟಬೇಕು ಅಂತ ಯಾರು ಹೇಳಿದರು? ಮೊದಲ ಭಾನುವಾರ ಬರೀ ಹುಲ್ಲು ಮತ್ತು ಖಾಲಿ ಕೊಟ್ಟಿಗೆ. ಆಮೇಲೆ ಒಂದೊಂದು ವಾರ ಪ್ರಾಣಿಗಳು, ಕುರುಬರು. 24ರ ರಾತ್ರಿ ಮಾತ್ರ ಬಾಲಯೇಸು. ಬಾಲಯೇಸುವಿಗೆ ಕಾಣಿಕೆ ತಂದ ಮೂವರು ಜ್ಞಾನಿಗಳನ್ನು ಕೋಣೆಯ ಆ ತುದಿಯಲ್ಲಿ, ಪುಸ್ತಕದ ಕಪಾಟಿನ ಮೇಲೆ ನಿಲ್ಲಿಸಿ. ದಿನಾ ಒಂದು ಗೇಣು ಮುಂದಕ್ಕೆ ಸರಿಸಿ, ಅವರ ಹಬ್ಬದ ದಿನ, ಜನವರಿ 6ಕ್ಕೆ ತಲುಪಿಸಿ. ಅಂದಹಾಗೆ, ಜ್ಞಾನಿಗಳು ಮೂವರೇ ಅಂತ ಮತ್ತಾಯನ ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ಚಿನ್ನ, ಸಾಂಬ್ರಾಣಿ, ರಕ್ತಬೋಳ ಅಂತ ಕಾಣಿಕೆ ಮೂರು ಇದ್ದದ್ದರಿಂದ ಜನ ತಂದವರನ್ನೂ ಮೂರು ಮಾಡಿಕೊಂಡರು.

ಆದರೆ ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ತಾರೀಖಲ್ಲ, 'ಮುಟ್ಟಲೂ ಬಿಡುವುದಿಲ್ಲ' ಅನ್ನುವ ಮಾತು. ನಮ್ಮತ್ತೆಯೂ ಹಾಗೇ ಇದ್ದರು. ಅವರ ಪೆಟ್ಟಿಗೆಯಲ್ಲಿ ಪ್ರತಿ ಗೊಂಬೆಗೂ ಒಂದೊಂದು ಹಳೇ ಬಟ್ಟೆಯ ತುಂಡು. ಯಾವ ತುಂಡು ಯಾರಿಗೆ ಅಂತ ಅವರಿಗೆ ಮಾತ್ರ ಗೊತ್ತು. ಮೊದಲ ವರ್ಷ ನಾನು ಜೋಸೆಫ್‌ಗೆ ಕತ್ತೆಯ ಬಟ್ಟೆ ಸುತ್ತಿಟ್ಟೆ. ಎರಡು ದಿನ ನನ್ನ ಹತ್ತಿರ ಮಾತಿಲ್ಲ. ಮೂರನೇ ವರ್ಷ ನಾನೇ ಹೋಗಿ, "ಅತ್ತೆ, ಕುರಿಗಳನ್ನು ನನಗೆ ಬಿಡಿ" ಅಂದೆ. ಬಿಟ್ಟರು. ಅದರಲ್ಲಿ ಒಂದು ಕುರಿಗೆ ಮೂರೇ ಕಾಲು. ನಾಲ್ಕನೆಯದಕ್ಕೆ ಬೆಂಕಿಕಡ್ಡಿ ಅಂಟಿಸಿದೆ. ಇವತ್ತಿಗೂ ಅದೇ ಕಡ್ಡಿಯ ಮೇಲೆ ನಿಂತಿದೆ. ನೀವೂ ಇಡೀ ಗೋದಲಿ ಕೇಳಬೇಡಿ. ಒಂದು ಕೆಲಸ ಕೇಳಿ.

ಪ್ರಶ್ನೆ: ಮಗಳಿಗೆ ಎಂಟು ವರ್ಷ. "ಸಾಂಟಾ ಅಂದರೆ ಅಪ್ಪನೇ ಅಂತೆ, ಹೌದಾ?" ಎಂದು ನೇರವಾಗಿ ಕೇಳಿದಳು. ಫೋನ್ ಬಂತು ಅಂತ ಎದ್ದು ಹೋದೆ. ಫೋನ್ ಬಂದಿರಲಿಲ್ಲ. *(ಸಿಕ್ಕಿಬಿದ್ದ ಅಪ್ಪ)*

ಉತ್ತರ: ಅವಳಿಗೂ ಅದು ಗೊತ್ತಾಗಿರುತ್ತದೆ ಬಿಡಿ.

ಮಗು ಸುಮ್ನೆ ಆಡುತ್ತಾ ಕೇಳಿದರೆ, "ನಿನಗೇನನ್ನಿಸುತ್ತೆ?" ಅಂತ ತಿರುಗಿಸಬಹುದು. ಮುಖ ನೋಡಿ ಕೇಳಿದಾಗ ಸುಳ್ಳು ಹೇಳಬಾರದು. ಅವಳು ಅಲ್ಲಿ ಪರೀಕ್ಷೆ ಮಾಡುತ್ತಿರುವುದು ಸಾಂಟಾನನ್ನಲ್ಲ, ನಿಮ್ಮನ್ನು.

ನಿಜ ಹೇಳುವಾಗ ನಿಕೋಲಾಸನ ಕಥೆಯಿಂದ ಶುರು ಮಾಡಿ. ಆತ 4ನೇ ಶತಮಾನದಲ್ಲಿ ಮೈರಾ ಎಂಬ ಊರಿನ ಬಿಷಪ್. ಆ ಜಾಗ ಈಗ ಟರ್ಕಿಯಲ್ಲಿದೆ. ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು, ಮದುವೆಗೆ ಕಾಸಿಲ್ಲ. ನಿಕೋಲಾಸ ರಾತ್ರಿ ಬಂದು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದನಂತೆ. ಹೀಗೆ ಮೂರು ಸಲ. ಮೂರನೇ ಸಲ ಆ ಅಪ್ಪ ಓಡಿಹೋಗಿ ಹಿಡಿದುಬಿಟ್ಟ. "ಯಾರಿಗೂ ಹೇಳಬೇಡ" ಅಂದನಂತೆ ಬಿಷಪ್. ಐತಿಹ್ಯವೇ ಇರಬಹುದು, ಆದರೆ ಡಿಸೆಂಬರ್ 6ಕ್ಕೆ ಇವತ್ತಿಗೂ ಅವನ ಹಬ್ಬ ಇದೆ. ಡಚ್ಚರ ಬಾಯಲ್ಲಿ ಅವನು ಸಿಂಟರ್‌ಕ್ಲಾಸ್ ಆದ, ಅದೇ ಮುಂದೆ ಸಾಂಟಾ ಕ್ಲಾಸ್ ಆಯಿತು.

ಕಥೆ ಮುಗಿದ ಮೇಲೆ ಮೆಲ್ಲಗೆ, "ಈ ವರ್ಷ ನಾವಿಬ್ಬರೂ ಸೇರಿ ಅಮ್ಮನಿಗೆ ಗೊತ್ತಾಗದ ಹಾಗೆ ಏನಾದರೂ ಇಡೋಣ್ವಾ?" ಅನ್ನಿ. ಗುಟ್ಟು ಕಳೆದುಕೊಂಡ ಮಗುವಿಗೆ ಕೈಗೆ ಇನ್ನೊಂದು ಗುಟ್ಟು ಸಿಗಬೇಕು. ತಮ್ಮ ತಂಗಿಯರಿದ್ದರೆ ಅವರಿಗೆ ಬಾಯಿಬಿಡಬಾರದು ಅಂತ ಒಪ್ಪಂದವನ್ನೂ ಈಗಲೇ ಮಾಡಿಕೊಳ್ಳಿ. ಮರೆತರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

ನನ್ನ ಮಗ ಕಂಡುಹಿಡಿದದ್ದು ಕೈಬರಹದಿಂದ. ಸಾಂಟಾ ಬರೆದಿಟ್ಟ ಚೀಟಿಯಲ್ಲಿ 'ಳ' ಅಕ್ಷರಕ್ಕೆ ಅವರಪ್ಪ ಎಳೆಯುವ ಉದ್ದ ಬಾಲವೇ ಇತ್ತು. ಎರಡು ವರ್ಷ ಗೊತ್ತಿಲ್ಲದವನ ಹಾಗೆ ಇದ್ದ. ಉಡುಗೊರೆ ನಿಂತುಹೋದರೆ ಅಂತ ಭಯ.

ಪ್ರಶ್ನೆ: ಅಮ್ಮ ಫೆಬ್ರವರಿಯಲ್ಲಿ ತೀರಿಕೊಂಡರು. ಈ ವರ್ಷ ನಕ್ಷತ್ರ ಬೇಡ, ಏನೂ ಬೇಡ ಅಂತಾರೆ ಅಪ್ಪ. ತಮ್ಮನಿಗೆ ಚಿಕ್ಕ ಮಕ್ಕಳು, ಅವರಿಗೋಸ್ಕರವಾದರೂ ಮಾಡೋಣ ಅಂತಾನೆ. ಇಬ್ಬರೂ ನನಗೇ ಫೋನ್ ಮಾಡುತ್ತಾರೆ. ಏನು ಹೇಳಲಿ? *(ದೊಡ್ಡ ಮಗಳು)*

ಉತ್ತರ: ಇಬ್ಬರ ಮಾತನ್ನೂ ಅತ್ತಿಂದಿತ್ತ ಹೊತ್ತುಕೊಂಡು ಹೋಗಬೇಡಿ, ಅದು ಮೊದಲನೆಯದು. ಅಪ್ಪನ ಹತ್ತಿರ ಹೋಗಿ ಒಂದು ಸಂಜೆ ಕೂತುಕೊಳ್ಳಿ. "ಹಬ್ಬ ಮಾಡೋಣ್ವಾ?" ಅಂತ ಕೇಳಿದರೆ "ಬೇಡ" ಅಂತಲೇ ಬರುತ್ತದೆ. "ಯಾವುದು ಬೇಡ ಅಪ್ಪಾ?" ಅಂತ ಕೇಳಿ.

ನಮ್ಮ ಯಜಮಾನರು ತೀರಿಕೊಂಡ ವರ್ಷ ನಾನೂ ನಕ್ಷತ್ರ ಬೇಡ ಅಂದಿದ್ದೆ. ಮಗ, ಸೊಸೆ ಇಬ್ಬರಿಗೂ ಬೇಜಾರು. ನನಗೇ ನಿಧಾನಕ್ಕೆ ಗೊತ್ತಾಯಿತು, ನನಗೆ ಬೇಡವಾಗಿದ್ದದ್ದು ನಕ್ಷತ್ರ ಅಲ್ಲ, ಏಣಿ. ಪ್ರತಿ ವರ್ಷ ಅವರು ಹತ್ತುವರು, ನಾನು ಕೆಳಗೆ ಹಿಡಿದುಕೊಳ್ಳುವೆ. ಅವರ ಎಡಗಾಲಿನ ಹಿಮ್ಮಡಿ ಸರಿಯಾಗಿ ನನ್ನ ಕಣ್ಣೆದುರು. ಹಿಮ್ಮಡಿ ಒಡೆದಿದೆ, ಎಣ್ಣೆ ಹಚ್ಚಿಕೊಳ್ಳಿ ಅಂತ ನಾನು ಪ್ರತಿ ವರ್ಷ ಅಲ್ಲೇ ನಿಂತು ಹೇಳುವುದು. ಆ ಏಣಿಯನ್ನು ಬೇರೆ ಯಾರೋ ಹತ್ತುವುದನ್ನು ನೋಡಲು ಆಗುತ್ತಿರಲಿಲ್ಲ. ಹೇಳಿದೆ. ಮಗ ಕಿಟಕಿಗೆ ತೂಗುಹಾಕುವ ಚಿಕ್ಕ ನಕ್ಷತ್ರ ತಂದ. ನಿಂತಲ್ಲೇ ಕಟ್ಟಿದ. ಅಷ್ಟೇ ಸಾಕಾಯಿತು.

ಇನ್ನೊಂದು ಕೆಲಸ. ನೀವು, ತಮ್ಮ ಇಬ್ಬರೂ ಕೂತು ಅಮ್ಮ ಏನೇನು ಮಾಡುತ್ತಿದ್ದರು ಅಂತ ಬರೆಯಿರಿ. ಉಡುಗೊರೆ ಸುತ್ತುವುದು, ಶುಭಾಶಯ ಹೇಳಬೇಕಾದವರ ಲೆಕ್ಕ, ಮಕ್ಕಳ ಬಟ್ಟೆ, ಪೂಜೆಗೆ ಎಲ್ಲರನ್ನೂ ಹೊರಡಿಸುವುದು. ಪಟ್ಟಿ ಉದ್ದ ಆಗುತ್ತದೆ. ಕೆಲವನ್ನು ಈ ವರ್ಷ ಬಿಟ್ಟುಬಿಡಿ. ಉಳಿದದ್ದನ್ನು ಹಂಚಿಕೊಳ್ಳಿ. 'ದೊಡ್ಡ ಮಗಳು' ಅಂತ ಸಹಿ ಹಾಕಿದ್ದೀರಲ್ಲ, ಅದಕ್ಕೇ ಹೇಳುತ್ತಿದ್ದೇನೆ: ಎಲ್ಲವನ್ನೂ ನೀವೇ ಎತ್ತಿಕೊಂಡುಬಿಡುತ್ತೀರಿ. ಬೇಡ.

ರಾತ್ರಿ ಪೂಜೆಗೆ ಬರಲು ಅಪ್ಪನಿಗೆ ಕಷ್ಟವಾದರೆ ಒತ್ತಾಯ ಮಾಡಬೇಡಿ. ಕ್ರಿಸ್‌ಮಸ್‌ಗೆ ರಾತ್ರಿ, ಬೆಳಗಿನ ಜಾವ, ಹಗಲು ಅಂತ ಬೇರೆ ಬೇರೆ ಪೂಜೆಗಳಿವೆ. ಹಗಲಿನ ಪೂಜೆಗೆ ಜನ ಕಡಿಮೆ, "ಅಮ್ಮ ಇಲ್ಲದೆ ಹೇಗಿದ್ದೀರಿ?" ಅಂತ ಕೇಳುವವರೂ ಕಡಿಮೆ. ಮನೆಯ ಪ್ರಾರ್ಥನೆಯಲ್ಲಿ ಮಾತ್ರ ಅಮ್ಮನ ಹೆಸರು ಬಾಯಿಬಿಟ್ಟು ಹೇಳಿ. ಅಪ್ಪ ಅತ್ತರೆ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಬೇಡಿ. ಅಜ್ಜಿಯ ನೆನಪಾಯಿತು ಅಂದರೆ ಅವಕ್ಕೆ ಅರ್ಥವಾಗುತ್ತದೆ.

ಎಲ್ಲವೂ ಸರಿಯಾಗಿ ನಡೆಯುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ 24ರ ರಾತ್ರಿ ಬಾಲಯೇಸುವನ್ನು ಇಡುವ ಕೆಲಸವೂ ನಮ್ಮ ಯಜಮಾನರದೇ ಆಗಿತ್ತು. ಎಲ್ಲಿ ಕಳೆದುಹೋಗುತ್ತದೋ ಅಂತ ಗೊಂಬೆಯನ್ನು ಮೂರು ವಾರ ಸ್ವೆಟರ್ ಜೇಬಿನಲ್ಲೇ ಇಟ್ಟುಕೊಂಡು ಓಡಾಡುವರು. ಆ ವರ್ಷ ಯಾರಿಗೂ ನೆನಪಾಗಲಿಲ್ಲ. 25ರ ಮಧ್ಯಾಹ್ನ ಊಟಕ್ಕೆ ಕೂತಾಗ ಸೊಸೆ ನೋಡಿದಳು, ಮೇವಿನ ತೊಟ್ಟಿ ಖಾಲಿ. ಮಗ ಕೈ ತೊಳೆದು ಬೀರು ತೆಗೆದ. ಗೊಂಬೆ ಸ್ವೆಟರ್ ಜೇಬಿನಲ್ಲೇ ಇತ್ತು. ಹಾಡಿಲ್ಲ, ಮೇಣದಬತ್ತಿ ಇಲ್ಲ, ತಂದು ಮಲಗಿಸಿದ. ಆ ವರ್ಷ ನಮ್ಮ ಮನೆಯಲ್ಲಿ ಯೇಸು ಹುಟ್ಟಿದ್ದು ಮಧ್ಯಾಹ್ನ ಒಂದೂಕಾಲಿಗೆ. ನಾವು ಅತ್ತೆವು, ಆಮೇಲೆ ನಕ್ಕೆವು, ಆಮೇಲೆ ಊಟ ಮಾಡಿದೆವು.

ಪ್ರಶ್ನೆ: ಅಲಂಕಾರ ಯಾವಾಗ ತೆಗೆಯಬೇಕು? ಹೊಸ ವರ್ಷದ ಮಾರನೇ ದಿನವೇ ನಮ್ಮವರು ಶುರು ಮಾಡುತ್ತಾರೆ. *(ಒಬ್ಬ ಗೃಹಿಣಿ)*

ಉತ್ತರ: ನಿಮ್ಮವರಿಗೆ ಅವಸರ ಜಾಸ್ತಿ. ಜ್ಞಾನಿಗಳ ಹಬ್ಬ ಜನವರಿ 6, ಅಲ್ಲಿಯವರೆಗಂತೂ ಇರಲಿ. ಕ್ಯಾಥೊಲಿಕ್ ಪಂಚಾಂಗದಲ್ಲಿ ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಕ್ರಿಸ್‌ಮಸ್ ಕಾಲ ಮುಗಿಯುತ್ತದೆ. ಅದು ಸಾಮಾನ್ಯವಾಗಿ ಜ್ಞಾನಿಗಳ ಹಬ್ಬದ ಮುಂದಿನ ಭಾನುವಾರ. ಫೆಬ್ರವರಿ 2ರವರೆಗೆ ಗೋದಲಿ ಇಡುವ ಹಳೇ ರೂಢಿಯೂ ಉಂಟು. ಅದು ದಾಟಿಯೂ ಇದ್ದರೆ ಸಂಪ್ರದಾಯದ ಹೆಸರು ಹೇಳಬೇಡಿ, ಸೋಮಾರಿತನ ಅನ್ನಿ.

ಪ್ರಶ್ನೆ: ಆಂಟಿ, ಗೋದಲಿಯಲ್ಲಿ ಎತ್ತು, ಕತ್ತೆ ಯಾಕೆ ಇರುತ್ತೆ? ನಮ್ಮ ನಾಯಿಯನ್ನೂ ಕೂರಿಸಬಹುದಾ? *(ನಾಲ್ಕನೇ ಕ್ಲಾಸು)*

ಉತ್ತರ: ಒಳ್ಳೇ ಪ್ರಶ್ನೆ ಪುಟ್ಟಾ. ಯೇಸು ಹುಟ್ಟಿದ ಕಥೆಯಲ್ಲಿ ಲೂಕನಾಗಲಿ ಮತ್ತಾಯನಾಗಲಿ ಎತ್ತು, ಕತ್ತೆಯ ಹೆಸರು ಎತ್ತಿಲ್ಲ. ಆದರೆ ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ, ಅಂದರೆ ಮೇವಿನ ತೊಟ್ಟಿ, ಗೊತ್ತು ಅಂತ ಯೆಶಾಯ ಪ್ರವಾದಿಯ ಪುಸ್ತಕದಲ್ಲಿದೆ. ಅಲ್ಲಿಂದ ಅವು ಒಳಗೆ ಬಂದವು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿ ಮಾಡಿಸಿದಾಗ ಹುಲ್ಲು ಹಾಸಿ ನಿಜವಾದ ಎತ್ತು, ನಿಜವಾದ ಕತ್ತೆಯನ್ನೇ ತಂದು ನಿಲ್ಲಿಸಿದ್ದರು.

ಅವರು ಮಾಡಿದರು ಅಂತ ನೀನು ನಿಜವಾದ ನಾಯಿಯನ್ನು ಕೂರಿಸಬೇಡ. ಮಣ್ಣಿನಲ್ಲಿ ಒಂದು ನಾಯಿ ಮಾಡಿ ಕುರುಬರ ಪಕ್ಕ ಇಡು, ಕುರಿ ಕಾಯುವವರ ಹತ್ತಿರ ನಾಯಿ ಇಲ್ಲದೆ ಇರುತ್ತದಾ? ನಿಜವಾದದ್ದನ್ನು ಬಾಗಿಲ ಹೊರಗೆ ಕಟ್ಟು. ನಮ್ಮ ಮನೆ ಕುರಿಯ ನಾಲ್ಕನೇ ಕಾಲು ಹೋದದ್ದು ಒಂದು ನಾಯಿಯ ಬಾಯಿಗೇ.