ಎಸ್ಸೆಸ್ಸೆಲ್ಸಿ ಗಣಿತದಲ್ಲಿ 48 ಅಂಕ ಬಂದವರು ಪಿಯುಸಿಯಲ್ಲಿ ಬೇಸಿಕ್ ಮ್ಯಾಥ್ಸ್ ತೆಗೆದುಕೊಳ್ಳಬಹುದೇ?

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಗಣಿತಕ್ಕೆ 48 ಬಂದಿದೆ, ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಬಿಟ್ಟು ಇತಿಹಾಸ ಆಯ್ದುಕೊಳ್ಳಲೇ ಎಂದು ಕೇಳಿದ್ದೀರಿ. ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಬೇಸಿಕ್ ಮ್ಯಾಥ್ಸ್ ಕಲಿಸುತ್ತಿದ್ದೇನೆ. ಇತಿಹಾಸದ ಮೇಲೆ ನಿಮಗೆ ನಿಜವಾದ ಪ್ರೀತಿಯಿದ್ದರೆ ಅದನ್ನೇ ಓದಿ. ಗಣಿತದ ಹೆದರಿಕೆಯಿಂದ ಮಾತ್ರ ಅತ್ತ ಹೊರಟಿದ್ದರೆ ದಯವಿಟ್ಟು ಬೇಡ.

ವಿಜ್ಞಾನ ವಿಭಾಗದ ಗಣಿತವೇ ಬೇರೆ, ಇದೇ ಬೇರೆ. ಇಲ್ಲಿಯೂ ತ್ರಿಕೋನಮಿತಿ, ಅವಕಲನ, ಅನುಕಲನ ಇವೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಈ ವಿಷಯದ ಜೀವವಿರುವುದು ವ್ಯಾಪಾರದ ಲೆಕ್ಕದಲ್ಲಿ. ಬಿಲ್ ಡಿಸ್ಕೌಂಟಿಂಗ್ ಎಂಬ ಪಾಠವನ್ನೇ ನೋಡಿ. ಬಿಲ್ ಎಂದರೆ ಇಂಥ ದಿನ ಇಷ್ಟು ಹಣ ಕೊಡಬೇಕೆಂದು ಬರೆದ ಕಾಗದ; ಆ ದಿನಕ್ಕೆ ಮೊದಲೇ ಬ್ಯಾಂಕು ಉಳಿದ ದಿನಗಳ ಬಡ್ಡಿ ಹಿಡಿದುಕೊಂಡು ಹಣ ಕೊಡುವುದೇ ಡಿಸ್ಕೌಂಟಿಂಗ್. ಏಪ್ರಿಲ್ 4ರಂದು ಬರೆದ, ಮೂರು ತಿಂಗಳ ಮುದ್ದತಿನ 7,300 ರೂಪಾಯಿಯ ಬಿಲ್ಲೊಂದನ್ನು ವ್ಯಾಪಾರಿ ಏಪ್ರಿಲ್ 25ರಂದೇ ಬ್ಯಾಂಕಿಗೆ ಒಯ್ಯುತ್ತಾನೆ. ದರ ವರ್ಷಕ್ಕೆ ಶೇ 10. ಮುದ್ದತು ಮುಗಿಯುವುದು ಜುಲೈ 4ಕ್ಕೆ. ಅದಕ್ಕೆ ಮೂರು ಗ್ರೇಸ್ ದಿನ, ಅಂದರೆ ಹಣ ಕೊಡಲು ಸಿಗುವ ಹೆಚ್ಚುವರಿ ದಿನ ಸೇರಿಸಿ ಜುಲೈ 7. ಈಗ ಬೆರಳೆಣಿಸಿ: ಏಪ್ರಿಲ್‌ನಲ್ಲಿ ಉಳಿದದ್ದು 5 ದಿನ, ಮೇ 31, ಜೂನ್ 30, ಜುಲೈ 7. ಒಟ್ಟು 73, ಅಂದರೆ ವರ್ಷದ ಐದನೇ ಒಂದು ಭಾಗ. ಬ್ಯಾಂಕು 146 ರೂಪಾಯಿ ಹಿಡಿದುಕೊಂಡು 7,154 ಕೊಡುತ್ತದೆ. ಇದರಲ್ಲಿ ನಿಮಗೆ ಬಾರದ ಲೆಕ್ಕ ಯಾವುದಿದೆ? ನನ್ನ ಮಕ್ಕಳಲ್ಲಿ ಹೆಚ್ಚಿನವರು ಎಡವುವುದು ಸೂತ್ರದಲ್ಲಿ ಅಲ್ಲ, ಆ ಮೂರು ದಿನಗಳನ್ನು ಮರೆಯುವುದರಲ್ಲಿ. ಮರೆತರೆ 146ರ ಜಾಗದಲ್ಲಿ 140 ಬರುತ್ತದೆ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಮನೆಯವರು ಬೈಕಿಗೆಂದು ಮಾಡಿದ ಸಾಲದ ಕಾಗದ ತಂದಿದ್ದಳು. ಒಂದು ಲಕ್ಷ ರೂಪಾಯಿ, ಹನ್ನೆರಡು ಕಂತು, 'ಶೇ 12 ಫ್ಲಾಟ್'. ತಿಂಗಳಿಗೆ 9,333 ರೂಪಾಯಿ. ಪ್ರಥಮ ಪಿಯುಸಿಯ ಆ್ಯನ್ಯುಟಿ (ಸಮ ಕಂತುಗಳ ಲೆಕ್ಕ) ಪಾಠದ ಸೂತ್ರ ಹಚ್ಚಿ ಅವಳೇ ಬೋರ್ಡಿನ ಮೇಲೆ ಲೆಕ್ಕ ಮಾಡಿದಳು. ಉಳಿದ ಅಸಲಿಗೆ ಮಾತ್ರ ಶೇ 12ರಂತೆ ಬಡ್ಡಿ ಹಾಕಿದ್ದರೆ ಕಂತು 8,885 ಆಗಬೇಕಿತ್ತು. ತೀರಿಸಿದ ಅಸಲಿಗೂ ವರ್ಷವಿಡೀ ಬಡ್ಡಿ ಕಟ್ಟಿಸಿಕೊಂಡ ಆ ಸಾಲದ ನಿಜವಾದ ದರ ಶೇ 21ನ್ನು ದಾಟುತ್ತದೆ. ತರಗತಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಮುಂದಿನ ಸಾಲಕ್ಕೆ ನಮ್ಮಪ್ಪ ಸಹಿ ಹಾಕುವಾಗ ನಾನೂ ಜೊತೆಗೆ ಹೋಗುತ್ತೇನೆ ಎಂದಳು. ಈ ವಿಷಯ ಕಲಿಸುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ. ಮುಂದೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಸಿಎ ಫೌಂಡೇಶನ್ ಪರೀಕ್ಷೆ ಬರೆಯುವ ಆಸೆಯಿದ್ದರೆ ಅನುಪಾತ, ಲಾಗರಿದಮ್, ಬಡ್ಡಿ, ಶ್ರೇಢಿಗಳು ಅಲ್ಲಿಯೂ ಎದುರಾಗುತ್ತವೆ.

ಇಂಗ್ಲಿಷಿನ ಭಯ ಸಹಜ. ಆದರೆ ಲೆಕ್ಕದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ಸ್ವಲ್ಪವೇ. ಪ್ರತಿ ಪಾಠಕ್ಕೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪದ, ಎದುರಿಗೆ ಕನ್ನಡ ಅರ್ಥ ಬರೆದುಕೊಳ್ಳಿ. ದಸರಾ ರಜೆಯ ಹೊತ್ತಿಗೆ ಪ್ರಶ್ನೆ ತಾನಾಗಿ ಅರ್ಥವಾಗತೊಡಗುತ್ತದೆ.

ನಿಜವಾದ ತೊಡಕು ಕೆಳಗಿನ ತರಗತಿಗಳ ಬಾಕಿ. ಭಿನ್ನರಾಶಿ, ಶೇಕಡಾ, ದಶಮಾಂಶ. ಕಾಲೇಜು ಶುರುವಾಗುವ ಮುನ್ನ ಏಳನೇ ತರಗತಿಯ ಪುಸ್ತಕ ಹುಡುಕಿ ಈ ಮೂರನ್ನು ದಿನಕ್ಕೆ ಅರ್ಧ ಗಂಟೆ ಮಾಡಿ. ನಾಚಿಕೆ ಬೇಡ, ನಾನೇ ಎಷ್ಟೋ ಮಕ್ಕಳಿಗೆ ಆ ಪುಸ್ತಕ ಕೊಟ್ಟಿದ್ದೇನೆ.

ಆಮೇಲೆ ಕಾಡುವುದು ಲಾಗ್ ಟೇಬಲ್, ಅಂದರೆ ಲಾಗರಿದಮ್ ಬೆಲೆಗಳ ಪಟ್ಟಿ. 3.45ರ ಲಾಗ್ 0.5378. 0.0345ಕ್ಕೆ ಬಾರ್ ಎರಡು (ತಲೆಯ ಮೇಲೆ ಗೆರೆ ಎಳೆದ 2) ಬಿಂದು 5378. ಇಲ್ಲಿ ಋಣ ಚಿಹ್ನೆ ಎರಡಕ್ಕೆ ಮಾತ್ರ, ಬಿಂದುವಿನ ನಂತರದ ಭಾಗ ಧನವಾಗಿಯೇ ಉಳಿಯುತ್ತದೆ. ಹಾಗಾಗಿ ಅದರ ಬೆಲೆ –1.4622, ಮಕ್ಕಳು ಬರೆಯುವ ಹಾಗೆ –2.5378 ಅಲ್ಲ. ಇದು ಅರ್ಥವಾಗದಿದ್ದರೆ ಅದೇ ದಿನ ಸ್ಟಾಫ್ ರೂಮಿಗೆ ಹೋಗಿ ಕೇಳಿ. ಮುಂದಿನ ತಿಂಗಳು ಚಕ್ರಬಡ್ಡಿಯ ಲೆಕ್ಕಗಳಲ್ಲಿ ಇದೇ ಟೇಬಲ್ ಮತ್ತೆ ಬೇಕಾಗುತ್ತದೆ.