ಸಿಟಿ ಮಾರ್ಕೆಟ್‌ಗೆ ಹೋಗುವುದು ಹೇಗೆ? ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ವರಮಹಾಲಕ್ಷ್ಮಿ ಹಬ್ಬಕ್ಕೆ ಈ ಸಲ ಹೂವು ಹಣ್ಣು ಎಲ್ಲ ಸಿಟಿ ಮಾರ್ಕೆಟ್‌ನಲ್ಲೇ ತರಬೇಕು ಅಂತ ನಮ್ಮತ್ತೆಯವರ ಆಸೆ. ಯಜಮಾನರು ಕಾರಲ್ಲಿ ಹೋಗೋಣ ಅನ್ನುತ್ತಾರೆ. ಮೆಟ್ರೋದಲ್ಲಿ ಹೋದರೆ ಎಲ್ಲಿ ಇಳಿಯಬೇಕು? ಎಷ್ಟು ಹೊತ್ತಿಗೆ ಹೊರಡಬೇಕು?
– ಗೃಹಿಣಿ, ವೈಟ್‌ಫೀಲ್ಡ್

ಉತ್ತರ: ಕಾರು ದಯವಿಟ್ಟು ಬೇಡ. ಹಬ್ಬದ ಮುಂಚಿನ ಎರಡು ದಿನ ಅಲ್ಲಿ ಕಾಲಿಡುವುದಕ್ಕೂ ಜಾಗ ಇರುವುದಿಲ್ಲ, ಇನ್ನು ಕಾರು ನಿಲ್ಲಿಸುವುದು ಎಲ್ಲಿ? ಮೆಟ್ರೋನೇ ವಾಸಿ.

ವೈಟ್‌ಫೀಲ್ಡ್‌ನಲ್ಲಿ ನೇರಳೆ ಮಾರ್ಗದ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿಯಿರಿ. ಸ್ಟೇಷನ್‌ನಿಂದ ಹೊರಗೆ ಹೋಗಬೇಡಿ. ಸುಮಾರು ಜನ ಅಲ್ಲೇ ಹೊರಗೆ ಬಂದು ಆಟೋದವರ ಹತ್ತಿರ ಚೌಕಾಸಿಗೆ ನಿಲ್ಲುತ್ತಾರೆ, ಅದರ ಅಗತ್ಯವೇ ಇಲ್ಲ. 2017ರ ಜೂನ್‌ನಿಂದ ಮಾರ್ಕೆಟ್‌ಗೇ ಒಂದು ಸ್ಟೇಷನ್ ಇದೆ. ಮೆಜೆಸ್ಟಿಕ್ ಒಳಗೇ ಎಸ್ಕಲೇಟರ್‌ನಲ್ಲಿ ಇನ್ನೊಂದು ಹಂತ ಕೆಳಗೆ ಇಳಿದರೆ ಹಸಿರು ಮಾರ್ಗ ಸಿಗುತ್ತದೆ. ‘ರೇಷ್ಮೆ ಸಂಸ್ಥೆ’ ಕಡೆಗೆ ಹೋಗುವ ರೈಲು ಹತ್ತಬೇಕು, ಮಾದಾವರದ ಕಡೆಗೆ ಹೋಗುವುದನ್ನಲ್ಲ. ಮೊದಲು ಚಿಕ್ಕಪೇಟೆ, ಅದರ ಮುಂದಿನದೇ ಸಿಟಿ ಮಾರ್ಕೆಟ್‌ನ ಸ್ಟೇಷನ್, ಹೆಸರು ಕೃಷ್ಣರಾಜೇಂದ್ರ ಮಾರುಕಟ್ಟೆ. ಮೇಲೆ ಬಂದರೆ ಟಿಪ್ಪು ಅರಮನೆ, ಕೋಟೆ ವೆಂಕಟರಮಣ ಸ್ವಾಮಿ ದೇವಸ್ಥಾನ, ವಾಣಿವಿಲಾಸ ಆಸ್ಪತ್ರೆ ಎಲ್ಲ ಅಲ್ಲೇ ಇವೆ. ಮೈಸೂರು ರಸ್ತೆ ಫ್ಲೈಓವರ್ ಯಾವ ಕಡೆ ಅಂತ ಕೇಳಿಕೊಂಡು ಆ ಕಡೆ ನಡೆಯಿರಿ, ಮಾರ್ಕೆಟ್ ಸಿಗುತ್ತದೆ.

ಹೊತ್ತಿನ ವಿಷಯ. ವರಮಹಾಲಕ್ಷ್ಮಿ ಶುಕ್ರವಾರವೇ ಬರುವುದು, ಹಾಗಾಗಿ ಗುರುವಾರ ಬೆಳಗಿನ ಮೊದಲ ರೈಲಿಗೆ ಹೊರಡಿ. ಅವತ್ತು ಮೆಟ್ರೋ ಬೆಳಿಗ್ಗೆ 5ಕ್ಕೆ ಶುರುವಾಗುತ್ತದೆ. ಸಗಟು ಹೂವಿನ ವ್ಯಾಪಾರ ಅದಕ್ಕೂ ಮೊದಲೇ, ಕತ್ತಲಲ್ಲೇ ಶುರುವಾಗಿರುತ್ತದೆ. ನೀವು ತಲುಪುವಾಗ ಆರು ದಾಟಿರುತ್ತದೆ, ಪರವಾಗಿಲ್ಲ, ಮನೆ ಬಳಕೆಗೆ ಬೇಕಾದಷ್ಟು ಒಳ್ಳೆಯ ಹೂವು ಆಗಲೂ ಇರುತ್ತದೆ. ಭಾನುವಾರ ಮಾತ್ರ ನೆನಪಿಡಿ, ಅವತ್ತು ಮೊದಲ ರೈಲು 7 ಗಂಟೆಗೆ.

ಹೋಗುವುದು ಸುಲಭ, ಯೋಚನೆ ಮಾಡಬೇಕಾದ್ದು ವಾಪಸ್ ಬರುವುದನ್ನು. ಏನು ಹೊತ್ತು ತರುತ್ತೀರಿ ಅಂತ ಮನೆಯಲ್ಲೇ ಪಟ್ಟಿ ಮಾಡಿ. ಬಾಳೆಕಂದು, ಬೂದುಗುಂಬಳ, ತೆಂಗಿನಕಾಯಿ ಮೂಟೆ ಇವನ್ನೆಲ್ಲ ನಿಮ್ಮ ಏರಿಯಾದಲ್ಲೇ ತೆಗೆದುಕೊಳ್ಳಿ. ಮೆಟ್ರೋದಲ್ಲಿ ಸಾಮಾನಿಗೆ ಅಳತೆ, ತೂಕದ ಮಿತಿ ಇದೆ, ಉದ್ದದ ಕಂದು ಹಿಡಿದುಕೊಂಡು ಜನರ ಮಧ್ಯೆ ನಿಲ್ಲುವುದೂ ಕಷ್ಟ. ಮಾರ್ಕೆಟ್‌ನಿಂದ ತರಬೇಕಾದ್ದು ಹೂವು. ಸೇವಂತಿಗೆ, ಕನಕಾಂಬರ, ಮಲ್ಲಿಗೆ ಮೊಗ್ಗು, ಮರುಗ, ತುಳಸಿ, ಅಷ್ಟು ಸಾಕು. ಒಂದು ಮಾತು ಮರೆಯಬೇಡಿ: ಅಂಗಡಿಯವರು ಬಿಡಿ ಹೂವನ್ನು ಪ್ಲಾಸ್ಟಿಕ್ ಕವರ್‌ಗೆ ತುಂಬಿ ಬಾಯಿ ಬಿಗಿದು ಗಂಟು ಹಾಕಿ ಕೊಡುತ್ತಾರೆ. ವೈಟ್‌ಫೀಲ್ಡ್ ಮುಟ್ಟುವ ಹೊತ್ತಿಗೆ ಕವರ್ ಒಳಗೆಲ್ಲ ನೀರು ಕಟ್ಟಿ, ಕೆಳಗಿನ ಸೇವಂತಿಗೆ ಕಪ್ಪಾಗಿರುತ್ತದೆ. ಮನೆಯಿಂದಲೇ ಬಟ್ಟೆ ಚೀಲ ಮತ್ತು ಒಂದಷ್ಟು ಹಳೇ ಪೇಪರ್ ತೆಗೆದುಕೊಂಡು ಹೋಗಿ. ಹೂವನ್ನು ಪೇಪರ್‌ನಲ್ಲಿ ಸಡಿಲವಾಗಿ ಸುತ್ತಿ ಚೀಲದ ಮೇಲ್ಭಾಗದಲ್ಲಿಡಿ, ಹಣ್ಣು ಕೆಳಗಿರಲಿ. ಮಾರು ಲೆಕ್ಕದಲ್ಲಿ ಕಟ್ಟಿದ ಹೂವು ತೆಗೆದುಕೊಳ್ಳುವುದಾದರೆ ಒಂದೆರಡು ಕಡೆ ಕೇಳಿಯೇ ತೆಗೆದುಕೊಳ್ಳಿ. ಅಳೆಯುವವರ ಕೈ ಎಷ್ಟು ಉದ್ದಕ್ಕೆ ಚಾಚುತ್ತದೆ ಅಂತ ನೋಡಿ, ಒಬ್ಬರ ಮಾರಿಗೂ ಇನ್ನೊಬ್ಬರ ಮಾರಿಗೂ ಗೇಣುದ್ದ ವ್ಯತ್ಯಾಸ ಇರುತ್ತದೆ.

ಪ್ರಶ್ನೆ: ಕೆಂಗೇರಿಯಿಂದ ಮಾರ್ಕೆಟ್ ಕಡೆಗೆ ಅಂತ ಬಸ್ ಹತ್ತಿದೆ. ಅದು ಸೀದಾ ಫ್ಲೈಓವರ್ ಮೇಲೆ ಹೋಗಿ ಟೌನ್ ಹಾಲ್ ಹತ್ತಿರ ಇಳಿಸಿತು! ಮಾರ್ಕೆಟ್‌ನಲ್ಲೇ ಇಳಿಯೋದು ಹೇಗೆ? ಶಕ್ತಿ ಟಿಕೆಟ್ ಇರುವಾಗ ಮೆಟ್ರೋಗೆ ಸುಮ್ನೆ ದುಡ್ಡು ಯಾಕೆ ಅಂತ ನನ್ನ ಯೋಚನೆ.
– ಟೈಲರಿಂಗ್ ಮಾಡುವ ಓದುಗರು, ಕೆಂಗೇರಿ

ಉತ್ತರ: ನಿಮ್ಮ ಯೋಚನೆ ಸರಿಯಾಗಿದೆ. ಮೈಸೂರು ರಸ್ತೆಯ ಬಸ್ಸುಗಳಲ್ಲಿ ಕೆಲವು ಸಿರ್ಸಿ ಸರ್ಕಲ್ ಹತ್ತಿರ ಫ್ಲೈಓವರ್ ಹತ್ತಿಬಿಡುತ್ತವೆ, ಅವು ಮಾರ್ಕೆಟ್ ತಲೆಯ ಮೇಲೇ ಹಾದು ಹೋಗುತ್ತವೆ. ಹತ್ತುವಾಗಲೇ ಕಂಡಕ್ಟರ್‌ರನ್ನು ‘ಕೆಳಗಡೆ ಹೋಗುತ್ತಾ, ಮೇಲಾ?’ ಅಂತ ಕೇಳಿ. ಬೋರ್ಡಿನಲ್ಲಿ ಕೊನೆಯ ಸ್ಟಾಪ್ ಮಾರ್ಕೆಟ್ ಅಂತಲೇ ಇದ್ದರೆ ಚಿಂತೆಯಿಲ್ಲ. ಮತ್ತೆ ಟೌನ್ ಹಾಲ್ ಹತ್ತಿರ ಇಳಿಯಬೇಕಾಗಿ ಬಂದರೂ ಗಾಬರಿ ಬೇಡ, ಎನ್.ಆರ್. ರಸ್ತೆ ಹಿಡಿದು ನಡೆದರೆ ಮಾರ್ಕೆಟ್‌ಗೆ ಬರುತ್ತೀರಿ.

2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ಬಿಎಂಟಿಸಿಯಲ್ಲಿ ಸಾಮಾನ್ಯ ಬಸ್ಸುಗಳಿಗೆ ಮಾತ್ರ, ಎಸಿ ವಜ್ರಕ್ಕೆ ನಡೆಯುವುದಿಲ್ಲ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ವಾಪಸ್ ಬರುವಾಗ ಚೀಲ ಭಾರ ಇದ್ದರೆ ನಡುದಾರಿಯ ಸ್ಟಾಪ್‌ನಲ್ಲಿ ಕಾಯಬೇಡಿ, ಬಸ್ಸು ಹೊರಡುವ ಜಾಗಕ್ಕೇ ಹೋಗಿ ಹತ್ತಿ. ಸೀಟೂ ಸಿಗುತ್ತದೆ, ಚೀಲ ಕಾಲ ಹತ್ತಿರ ಇಟ್ಟುಕೊಳ್ಳಬಹುದು. ಮಾರ್ಕೆಟ್ ಬಸ್ ನಿಲ್ದಾಣದಲ್ಲಿ ನಿಮ್ಮ ಕಡೆಯ ಬಸ್ ಕಾಣದಿದ್ದರೆ ಕಲಾಸಿಪಾಳ್ಯ ನಿಲ್ದಾಣವೂ ನಡೆಯುವಷ್ಟು ದೂರದಲ್ಲೇ ಇದೆ.

ಪ್ರಶ್ನೆ: ತುಮಕೂರಿನಿಂದ ಬಂದು ಎಸ್.ಪಿ. ರೋಡ್‌ನಲ್ಲಿ ಕಂಪ್ಯೂಟರ್ ಬಿಡಿಭಾಗ ಕೊಳ್ಳಬೇಕು. ಮೆಜೆಸ್ಟಿಕ್‌ವರೆಗೂ ಬಸ್ಸಲ್ಲೇ ಬರಬೇಕಾ?
– ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಉತ್ತರ: ಬೇಡ. ನಿಮಗೆ ಹಸಿರು ಮಾರ್ಗ ದಾರಿಯಲ್ಲೇ ಸಿಗುತ್ತದೆ. ಬಸ್ಸು ಪೀಣ್ಯದ ಫ್ಲೈಓವರ್ ಮೇಲೆ ಬರುವುದಾದರೆ ಗೊರಗುಂಟೆಪಾಳ್ಯದಲ್ಲಿ ಇಳಿಯಿರಿ, ಕೆಳಗಿನ ರಸ್ತೆಯಲ್ಲಿ ಬರುವುದಾದರೆ ನಾಗಸಂದ್ರದಲ್ಲೇ ಇಳಿದುಬಿಡಿ. ಟ್ರೈನಲ್ಲಿ ಬಂದರೆ ಯಶವಂತಪುರ. ಎಲ್ಲಿ ಹತ್ತಿದರೂ ಒಂದೇ ರೈಲು, ಬದಲಾಯಿಸಬೇಕಾಗಿಲ್ಲ. ಯಶವಂತಪುರದಿಂದ ಮೆಜೆಸ್ಟಿಕ್‌ವರೆಗಿನ ಟ್ರಾಫಿಕ್ಕೂ ತಪ್ಪುತ್ತದೆ. ಚಿಕ್ಕಪೇಟೆಯಲ್ಲೋ ಮಾರುಕಟ್ಟೆಯಲ್ಲೋ ಇಳಿದು ನಡೆಯಬೇಕು. ಭಾನುವಾರ ಮಾತ್ರ ಬರಬೇಡಿ, ಎಸ್.ಪಿ. ರೋಡ್‌ನಲ್ಲಿ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಆದರೂ ಮಾರ್ಕೆಟ್ ನೋಡಬೇಕು ಅನ್ನುತ್ತಾರೆ. ಕರೆದುಕೊಂಡು ಹೋಗಬಹುದಾ?
– ಓದುಗರು, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಖಂಡಿತ ಕರೆದುಕೊಂಡು ಹೋಗಿ, ಹಬ್ಬವಿಲ್ಲದ ವಾರದಲ್ಲಿ. ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆವರೆಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸಿ. ಮೆಟ್ರೋ ಸ್ಟೇಷನ್‌ಗಳಲ್ಲೆಲ್ಲ ಲಿಫ್ಟ್ ಇದೆ, ಅಷ್ಟರ ಮಟ್ಟಿಗೆ ನಿಶ್ಚಿಂತೆ. ಕಷ್ಟ ಶುರುವಾಗುವುದು ಹೊರಗೆ. ಫುಟ್‌ಪಾತ್ ಅನ್ನುವುದು ಅರ್ಧ ಅಂಗಡಿ, ಅರ್ಧ ಗಾಡಿ, ನೆಲ ಸದಾ ಒದ್ದೆ. ಸುರಂಗದ ದಾರಿಯಲ್ಲಿ ರಸ್ತೆ ದಾಟಬೇಕೆಂದರೆ ಮೆಟ್ಟಿಲು ಇಳಿದು ಹತ್ತಬೇಕು. ಇಷ್ಟು ಜನ ನಡೆದಾಡುವ ಜಾಗದಲ್ಲಿ ವಯಸ್ಸಾದವರು ನಿಶ್ಚಿಂತೆಯಾಗಿ ನಡೆಯುವ ಹಾಗೆ ಒಂದು ದಾರಿ ಮಾಡಿಕೊಡಲೇಬೇಕು, ಇದನ್ನು ಎಷ್ಟು ಸಲ ಬರೆದರೂ ಕಡಿಮೆಯೇ. ಜಾರದ ಚಪ್ಪಲಿ ಹಾಕಿಸಿ, ಬೆಳಗಿನ ಮೂಟೆ ಇಳಿಸುವ ಗಲಾಟೆ ಮುಗಿದ ಮೇಲೆ ಹತ್ತು ಗಂಟೆ ಹೊತ್ತಿಗೆ ಹೋಗಿ. ಅಮ್ಮನಿಗೆ ಹೂವು ಹಣ್ಣು ಕೊಳ್ಳುವುದಷ್ಟೇ ಮುಖ್ಯ ಅಂದರೆ ಒಂದು ಸ್ಟೇಷನ್ ಮೊದಲೇ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಆಟೋದಲ್ಲಿ ಗಾಂಧಿ ಬಜಾರ್‌ಗೆ ಹೋಗಿ. ಅಲ್ಲಿ ಸ್ವಲ್ಪ ಜಾಸ್ತಿ ರೇಟು, ಆದರೆ ಮಂಡಿಗೆ ಆರಾಮ.

ಪ್ರಶ್ನೆ: ಮಾರ್ಕೆಟ್‌ನಲ್ಲಿ ಈಳಿಗೆಮಣೆ ತೆಗೆದುಕೊಂಡರೆ ಮೆಟ್ರೋದಲ್ಲಿ ಬಿಡುತ್ತಾರಾ?
– ಓದುಗರು, ರಾಜಾಜಿನಗರ

ಉತ್ತರ: ಬಿಡುವುದಿಲ್ಲ. ಉದ್ದನೆಯ ಹರಿತವಾದ ವಸ್ತು, ಪಟಾಕಿ ಎರಡೂ ಮೆಟ್ರೋದಲ್ಲಿ ನಿಷಿದ್ಧ. ಬಾಗಿಲಲ್ಲೇ ಚೀಲ ತಪಾಸಣೆ ಇರುತ್ತದೆ. ಈಳಿಗೆಮಣೆ ತರುವ ದಿನ ಬಸ್ಸಲ್ಲೇ ಹೋಗಿ ಬನ್ನಿ. ಅಲಗಿಗೆ ದಪ್ಪ ರಟ್ಟು ಸುತ್ತಿ ದಾರ ಕಟ್ಟಿಸಿಕೊಳ್ಳಿ, ಪಕ್ಕದಲ್ಲಿ ಕೂತವರಿಗೆ ತಾಗಬಾರದು.